ಬೋರ್ಡೋ ದ್ರಾವಣದಲ್ಲಿ ಸ್ಥಾನಪಲ್ಲಟದ ಎರಡು ಬಗೆಗಳನ್ನು ಗುರುತಿಸುವ ವಿಧಾನ
ಅಡಿಕೆಯ ಕೊಳೆರೋಗ ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕಾಗಿ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣವನ್ನು ಬೇರೊಂದು ಪಾತ್ರೆಯ 50 ಲೀಟರ್ ನೀರಿನಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು. ಆಗ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ನೀರಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತಮ್ಮ ಅಯಾನುಗಳನ್ನು (ವಿದ್ಯುದಾವೇಶವುಳ್ಳ ಕಣಗಳನ್ನು) ಪರಸ್ಪರ ಬದಲಿಸಿಕೊಂಡು, ನೀರಿನಲ್ಲಿ ಕರಗದ ನೀಲಿ ಪ್ರಕ್ಷೇಪವನ್ನು ಉಂಟುಮಾಡುತ್ತವೆ, ಇದು ದ್ವಿಸ್ಥಾನಪಲ್ಲಟ. (ಪ್ರಕ್ಷೇಪದ ನಿಜವಾದ ಸಂಯೋಜನೆ ಇದಕ್ಕಿಂತ ಜಟಿಲವಾಗಿರುತ್ತದೆ.)

ಬಳಿಕ ಉಜ್ಜಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಗಂದು ಲೇಪ ಕಂಡರೆ, ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಕಬ್ಬಿಣವು ತಾನು ಕರಗಿ, ದ್ರಾವಣದಲ್ಲಿ ಉಳಿದಿದ್ದ ತಾಮ್ರವನ್ನು ಹೊರದೂಡಿದೆ ಎಂದರ್ಥ, ಇದೇ ಏಕಸ್ಥಾನಪಲ್ಲಟ. ಲೇಪ ಮೂಡುವುದು ನಿಲ್ಲುವವರೆಗೂ ಸುಣ್ಣದ ನೀರನ್ನು ಸೇರಿಸುತ್ತಿರಬೇಕು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯ ಬದಲು ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸುವುದೂ ಕಬ್ಬಿಣ ಹೀಗೆ ತಾಮ್ರವನ್ನು ಹೊರದೂಡುವ ಕಾರಣಕ್ಕೇ.