ಉಪ್ಪಾಗೆ ಕೊಯ್ಲು, ಸಿಂಗಳೀಕದ ಪಾಲು

ಮೊದಲೇ ಹೇಳಿಬಿಡುತ್ತೇನೆ, ಕಪ್ಪು ಮೈ, ಬಿಳಿ ಕೇಸರದ ಕಾಡು ಮಂಗ ಸಿಂಗಳೀಕ ಇದೆಯಲ್ಲ, ಅದರ ಬಾಯಿಂದ ತುತ್ತು ಕಸಿದವರಲ್ಲಿ ನಾನೂ ಒಬ್ಬ. ಬೇಕಂತ ಮಾಡಿದ್ದಲ್ಲ. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಘಟ್ಟದ ಅಂಚಿನ ಊರು. ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಗುಡ್ಡ. ಜೂನ್ ಬಂತೆಂದರೆ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು, ಮಕ್ಕಳ ಶಾಲೆಗೆ ದುಡ್ಡು ಕಟ್ಟಬೇಕು, ಕೈಯಲ್ಲಿ ಮಾತ್ರ ಕಾಸಿಲ್ಲ. ಸರಿಯಾಗಿ ಆ ಹೊತ್ತಿಗೇ ಕಾಡಿನಲ್ಲಿ ಉಪ್ಪಾಗೆ ಬಿಟ್ಟಿರುತ್ತದೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಉಪ್ಪಾಗೆ ಮುರುಗಲಿನ (ಪುನರ್ಪುಳಿ) ಜಾತಿಯ ಮರ. ಹಣ್ಣು ಪುಟ್ಟ ಕುಂಬಳಕಾಯಿಯ ಹಾಗೆ, ಮೈತುಂಬ ಗೀರು. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ ಅಂದರೆ ಇದರದ್ದೇ ಒಣ ಸಿಪ್ಪೆ. ಬೀಜದಿಂದ ತುಪ್ಪ ತೆಗೆಯುತ್ತೇವೆ. ನಮ್ಮಜ್ಜಿ ಅದನ್ನು ದೋಸೆಗೂ ಹಾಕುತ್ತಿದ್ದಳು, ಒಡೆದ ಹಿಮ್ಮಡಿಗೂ ಹಚ್ಚುತ್ತಿದ್ದಳು. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. 1990ರ ದಶಕದಲ್ಲಿ ಈ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಅಂತ ಹೊರದೇಶದಲ್ಲಿ ಮಾತ್ರೆ ಮಾಡಿ ಮಾರತೊಡಗಿದರು, ಇಲ್ಲಿ ರೇಟು ಏರಿತು. ತಮಾಷೆ ಅಂದರೆ, 1998ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಔಷಧಿಯೇ ಇಲ್ಲದ ಹುಸಿ ಮಾತ್ರೆ ತಿಂದವರಿಗಿಂತ ಇದನ್ನು ತಿಂದವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಅವರ ಹೊಟ್ಟೆ ಇಳಿಯಿತೋ ಬಿಟ್ಟಿತೋ, ನಮ್ಮ ಕಡೆ ಮರಗಳ ಕೊಂಬೆಯಂತೂ ಇಳಿಯಿತು.

ಕಾಡಿನ ಮರ ಯಾರದ್ದೂ ಅಲ್ಲ. ಅದಕ್ಕೇ ಎಲ್ಲರಿಗೂ ಅವಸರ. ಹಣ್ಣು ಹಳದಿ ತಿರುಗೋದು ಜುಲೈ, ಆಗಸ್ಟಿನಲ್ಲಿ. ಆದರೆ ನಾನು ಬಿಟ್ಟರೆ ಇನ್ನೊಬ್ಬ ಕೊಯ್ತಾನೆ ಅನ್ನುವ ಭಯಕ್ಕೆ ಜೂನಿನ ಮೃಗಶಿರ ಮಳೆಯಲ್ಲೇ ಹಸಿರು ಕಾಯಿಗೆ ದೋಟಿ ಹಾಕುತ್ತಿದ್ದೆವು. ದೋಟಿಗೆ ಸಿಗದಿದ್ದರೆ ಮರ ಹತ್ತಿ ಕೊಂಬೆಯನ್ನೇ ಕಡಿದು ಕೆಡವುವುದು. ಅದೇ ಮರದಲ್ಲಿ ಮುಂದಿನ ವರ್ಷ ಕಾಯಿ ಎಲ್ಲಿಂದ ಬರಬೇಕು ಹೇಳಿ.

ನನಗೆ ಬುದ್ಧಿ ಬಂದದ್ದು ಭಾಷಣ ಕೇಳಿ ಅಲ್ಲ. 2011ರಲ್ಲಿ ನಮ್ಮ ಸುತ್ತಲಿನ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಮಾಡಿದಾಗ ಸಭೆ ನಡೆದಿತ್ತು, ನಾನು ಹಿಂದಿನ ಸಾಲಲ್ಲಿ ಕೂತು ಕವಳ ಹಾಕಿ ಎದ್ದು ಬಂದಿದ್ದೆ. ಮರುವರ್ಷ ಪುನರ್ವಸು ಮಳೆಯಲ್ಲಿ ಒಂದು ಬೆಳಿಗ್ಗೆ ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ ಕೂತಿದ್ದೆ. ಎದುರಿನ ಮರಕ್ಕೆ ಸಿಂಗಳೀಕಗಳ ಗುಂಪು ಬಂತು, ಹದಿನೈದು ಇರಬಹುದು. ಹಿಂದಿನ ವಾರ ನಾನೇ ಬೋಳಿಸಿದ್ದ ಮರ ಅದು. ಒಂದು ಹೆಣ್ಣು, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಮರಿಗೆ ಇನ್ನೂ ಬಿಳಿ ಕೇಸರ ಬಂದಿರಲಿಲ್ಲ, ಮುಖ ಕೆಂಪಗೆ. ತಾಯಿ ನಾನು ಕಡಿದ ಕೊಂಬೆಯ ಮೋಟಿನ ಮೇಲೆ ಕೂತು ಎಲೆ ಸರಿಸಿ ಸರಿಸಿ ಹುಡುಕಿತು. ಒಂದು ಕಾಯಿ ಸಿಕ್ಕಿತು, ಎಳೆಯದು. ಎರಡೂ ಕೈಯಲ್ಲಿ ಹಿಡಿದು ಕಚ್ಚಿತು, ಮೂಸಿತು, ಎಸೆಯಿತು. ಮತ್ತೆ ಹುಡುಕಿತು. ಅರ್ಧ ಗಂಟೆ ಹೀಗೇ. ನಾನು ಉಂಬಳ ಕೀಳೋದು ಮರೆತಿದ್ದೆ, ಕಾಲೆಲ್ಲ ರಕ್ತ.

ಮನೆಗೆ ಬಂದ ಮೇಲೆ ಸಭೆಯಲ್ಲಿ ಅರ್ಧಂಬರ್ಧ ಕೇಳಿದ್ದನ್ನು ಸರಿಯಾಗಿ ಕೇಳಿ ತಿಳಿದುಕೊಂಡೆ. ಈ ಪ್ರಾಣಿ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಇನ್ಯಾವ ಕಾಡಿನಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಕೆಲವೇ ಸಾವಿರ. ಶಿರಸಿ-ಹೊನ್ನಾವರ ಕಾಡಿನಲ್ಲಿ ಎಣಿಸಿದಾಗ ಸಿಕ್ಕಿದ್ದು 600ಕ್ಕಿಂತ ಸ್ವಲ್ಪ ಜಾಸ್ತಿ. ಹೆಣ್ಣು ಮೊದಲ ಮರಿ ಹಾಕೋದೇ ಆರು ವರ್ಷದ ಸುಮಾರಿಗೆ, ಒಂದು ಸಲಕ್ಕೆ ಒಂದೇ ಮರಿ, ಮತ್ತೆ ಎರಡು ಮೂರು ವರ್ಷ ಬಿಟ್ಟು ಇನ್ನೊಂದು. ಊರ ಮಂಗನ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ. ಮರದ ಮೇಲೇ ಹುಟ್ಟಿ ಮರದ ಮೇಲೇ ಬದುಕುವುದು, ನೆಲಕ್ಕೆ ಇಳಿಯೋದು ತೀರಾ ಕಡಿಮೆ. ಕೊಂಬೆಗೆ ಕೊಂಬೆ ತಾಗದಿದ್ದರೆ ಅದಕ್ಕೆ ದಾರಿಯೇ ಇಲ್ಲ.

ಹಾಗಾದರೆ ಉಪ್ಪಾಗೆ ಬಿಟ್ಟುಬಿಡೋಣವೇ? ಆಗಲ್ಲ, ಸುಳ್ಳು ಹೇಳಲ್ಲ. ಬೇರೆ ದಾರಿ ನೋಡಿದೆ.

ಮೊದಲಿಗೆ, ನಮ್ಮ ಬೆಟ್ಟ ಮತ್ತು ಅಕ್ಕಪಕ್ಕದ ಐದು ಮನೆಯ ಬೆಟ್ಟದಲ್ಲಿ ಹಣ್ಣು ಹಳದಿ ತಿರುಗುವವರೆಗೆ ಯಾರೂ ದೋಟಿ ಎತ್ತಬಾರದು ಅಂತ ಮಾತಾಡಿಕೊಂಡೆವು. ಒಂದು ಸಾಲಲ್ಲಿ ಬರೆದೆ, ಇದಕ್ಕೆ ಹಿಡಿದದ್ದು ಎರಡು ಮಳೆಗಾಲ. ಮೊದಲನೇ ವರ್ಷ ನಾನೊಬ್ಬನೇ ಕಾದೆ. ಒಂದು ರಾತ್ರಿ ಬೆಳಗಾಗುವುದರೊಳಗೆ ನನ್ನ ಮೂರು ಮರ ಖಾಲಿ. ಪಕ್ಕದ ಮನೆ ಭಾವ "ನೀನು ಮಂಗನಿಗೆ ಬಿಟ್ಟಿದ್ದೆ, ಯಾವುದೋ ಎರಡು ಕಾಲಿನ ಮಂಗ ತಿಂತು ಬಿಡು" ಅಂತ ನಕ್ಕ. ಎರಡನೇ ವರ್ಷ ಜಗಳ ಮಾಡಲಿಲ್ಲ, ತಕ್ಕಡಿ ತಂದೆ. ಅವನ ಹಸಿರು ಕಾಯಿ ನೂರು, ನನ್ನ ಹಣ್ಣು ನೂರು, ಎರಡನ್ನೂ ಅವನ ಜಗಲಿಯಲ್ಲೇ ಸುಲಿದು ಒಂದೇ ಒಲೆಯ ಮೇಲೆ ಒಣಗಿಸಿ ತೂಗಿದೆವು. ಎಳೆ ಕಾಯಿಯ ಸಿಪ್ಪೆ ತೆಳು, ಒಣಗಿದರೆ ಏನೂ ಉಳಿಯಲ್ಲ. ಹಣ್ಣಿನದ್ದು ದಪ್ಪ. ಭಾವ ತಕ್ಕಡಿಯನ್ನೇ ನೋಡುತ್ತಾ ಕೂತ, ಮಾತಾಡಲಿಲ್ಲ. ಮುಂದಿನ ವರ್ಷ ಉಳಿದ ಮನೆಗಳಿಗೆ ಹೇಳಿ ಬಂದವನು ಅವನೇ.

ಕೊಯ್ಯುವುದು ದೋಟಿಗೆ ಸಿಕ್ಕಷ್ಟು, ನೆಲಕ್ಕೆ ಬಿದ್ದಷ್ಟು. ಮೇಲಿನ ನೆತ್ತಿ ಅವುಗಳಿಗೆ. ಸಿಂಗಳೀಕ ಹಣ್ಣು ಒಡೆದು ಒಳಗಿನದ್ದನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತದೆ, ಹುಳಿ ಸಿಪ್ಪೆ ಎಷ್ಟೋ ಸಲ ಕೆಳಗೇ ಬೀಳುತ್ತದೆ. ಅದನ್ನೂ ಆರಿಸಿ ತಂದದ್ದಿದೆ, ನಾಚಿಕೆ ಏನು.

ಆಮೇಲೆ ಒಲೆ. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಆ ಜಡಿಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆಯನ್ನು ಹಗಲೂ ರಾತ್ರಿ ಬೆಂಕಿಯ ಮೇಲೇ ಒಣಗಿಸಬೇಕು. ಹಣ್ಣಿಗೆ ಕೊಂಬೆ ಕಡಿಯೋದು ನಿಲ್ಲಿಸಿ, ಅದನ್ನು ಒಣಗಿಸಲು ಇಡೀ ಮರ ಕಡಿದರೆ ಏನು ಮಾಡಿದ ಹಾಗಾಯ್ತು? ತೆರೆದ ಒಲೆ ತೆಗೆದು ಕಲ್ಲು ಮಣ್ಣಿನ ಮುಚ್ಚಿದ ಒಲೆ ಕಟ್ಟಿಸಿದೆ. ಹೊಗೆ ಕೊಳವೆಯಲ್ಲಿ ಆಚೆ ಹೋಗುತ್ತದೆ, ಬಿಸಿ ಮಾತ್ರ ಮೇಲಿನ ತಂತಿ ಬಲೆಯ ತಟ್ಟೆಗೆ. ಮೊದಲ ಸಲ ಕೊಳವೆ ಗಿಡ್ಡ ಆಯ್ತು, ಹೊಗೆ ತಿರುಗಿ ಅಡುಗೆಮನೆಗೇ ನುಗ್ಗಿ ಮನೆಯವಳ ಹತ್ತಿರ ಬೈಸಿಕೊಂಡೆ. ಮೂರು ಅಡಿ ಏರಿಸಿದ ಮೇಲೆ ಸರಿಹೋಯ್ತು. ಈಗ ಅಡಿಕೆ ಸಿಪ್ಪೆ, ತೆಂಗಿನ ಕರಟವೇ ಮುಕ್ಕಾಲು ಪಾಲು ಉರುವಲು. ಉಪ್ಪಾಗೆ ಸಿಪ್ಪೆಗೆ ಹೊಗೆ ವಾಸನೆ ಇಲ್ಲ, ವ್ಯಾಪಾರಿ ಮೂಗು ಮುರಿಯೋದೂ ತಪ್ಪಿತು.

ಗಿಡ ನೆಡುವ ವಿಷಯದಲ್ಲಿ ನಾನು ಪೆಟ್ಟು ತಿಂದೆ. ಬೀಜ ಹಾಕಿದೆ, ಐದಾರು ತಿಂಗಳಾದರೂ ಮೊಳಕೆಯಿಲ್ಲ. ಮೇಲಿನ ಗಟ್ಟಿ ಕವಚ ತೆಗೆದು ಹಾಕಿದರೆ ಬೇಗ ಹುಟ್ಟುತ್ತದೆ ಅಂತ ಆಮೇಲೆ ಗೊತ್ತಾಯ್ತು. ಹುಟ್ಟಿದ ಹನ್ನೆರಡು ಗಿಡ ಹತ್ತು ವರ್ಷ ಸಾಕಿದ ಮೇಲೆ ಹೂ ಬಿಟ್ಟವು, ಐದು ಗಂಡು! ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹಾಗಾಗಿ ನೆಡುವವರು ಹೆಣ್ಣು ಮರದಿಂದ ಮಾಡಿದ ಕಸಿ ಗಿಡ ತನ್ನಿ. ಅಡ್ಡ ರೆಂಬೆಯಿಂದ ಕಸಿ ಮಾಡಿದ್ದು ಎತ್ತರ ಹೋಗದೆ ಪೊದೆಯ ಹಾಗೆ ಹರಡುತ್ತದೆ, ಆದರೆ ನಿಂತಲ್ಲೇ ಕೊಯ್ಯಬಹುದು. ನಾನು ತೋಟದ ಅಂಚಿಗೆ ನೆಟ್ಟ ಕಸಿ ಗಿಡ ನಾಲ್ಕನೇ ವರ್ಷಕ್ಕೇ ಕಾಯಿ ಕೊಟ್ಟವು. ಈಗ ಕಾಡಿನ ಒಳಗೆ ಕೊಯ್ಲಿಗೆ ಹೋಗುವುದೇ ಬಿಟ್ಟಿದ್ದೇನೆ, ಬೆಟ್ಟದ್ದೂ ತೋಟದ್ದೂ ಸಾಕು. ಆ ಕಾಡು 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು, ಸುಮಾರು 930 ಚದರ ಕಿಲೋಮೀಟರ್.

ಹೊನ್ನಾವರದಿಂದ ಘಟ್ಟ ಹತ್ತಿ ಜೋಗಕ್ಕೆ ಹೋಗುವವರಿಗೆ ಒಂದು ಮಾತು. ರಸ್ತೆ ಬದಿ ಸಿಂಗಳೀಕ ಕಂಡರೆ ಕಾರು ನಿಲ್ಲಿಸಿ ಬಾಳೆಹಣ್ಣು, ಬಿಸ್ಕತ್ತು ಎಸೆಯಬೇಡಿ ಮಾರಾಯ್ರೆ. ಮರ ಬಿಟ್ಟು ಇಳಿಯದ ಪ್ರಾಣಿಗೆ ಡಾಂಬರಿನ ರುಚಿ ಹತ್ತಿಸಿದರೆ ಚಕ್ರದಡಿ ಸಿಗುತ್ತದೆ.

ಹೋದ ಮಳೆಗಾಲ ಪುಷ್ಯ ಮಳೆ ಹಿಡಿದ ವಾರ, ಕೊಯ್ಲಿಗೆ ಅಂತ ಕಂಬಳಿ ಕೊಪ್ಪೆ ಹಾಕಿ ಹೊರಟಿದ್ದೆ. ಭಾವ ಬೇಲಿಯಾಚೆಯಿಂದ ಕೂಗಿದ: "ಎಲ್ಲಿಗೆ ಹೊರಟೆ? ನಿನ್ನ ನೆಂಟರು ಬಂದು ಕೂತಿದ್ದಾರೆ ಮೇಲೆ, ಮರಿ ಬೇರೆ ಇದೆ. ಕೊಯ್ಲು ನಾಳೆ ಇಟ್ಕೊ, ಬಾ ಚಾ ಕುಡಿ."