ಕಾರ್ನಿಯಾ ಸ್ಲೈಡಿಗೆ ಬಣ್ಣ ಕಟ್ಟುವುದು ಹೇಗೆ?

ಪ್ರಾಜೆಕ್ಟಿಗೆ ಬರುವ ಎಂ.ಎಸ್ಸಿ. ಮಕ್ಕಳು ಪ್ರತಿವರ್ಷ ಒಂದೇ ಜಾಗದಲ್ಲಿ ಎಡವುತ್ತಾರೆ. ಸ್ಲೈಡಿನಲ್ಲಿ ಕಂದು ಬಣ್ಣ ಕಂಡ ಕೂಡಲೇ ‘ಮಾರ್ಕರ್ ಬಂತು ಮೇಡಂ’ ಎಂದು ಓಡಿ ಬರುತ್ತಾರೆ. ನೋಡಿದರೆ ಎಷ್ಟೋ ಸಲ ಅದು ಕಣ್ಣಲ್ಲಿ ಮೊದಲೇ ಇದ್ದ ಕಂದು ಬಣ್ಣದ ಮೆಲನಿನ್.

ಮಾರ್ಕರ್ ಅಂದರೆ ಜೀವಕೋಶದ ಗುರುತು ಹೇಳುವ ಪ್ರೋಟೀನ್. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗ, ಅದರ ಮೇಲ್ಪದರಕ್ಕೆ ಕೆರಾಟಿನ್ 12. ಬಿಳಿಗುಡ್ಡೆ ಸೇರುವ ಅಂಚು, ಅಂದರೆ ಲಿಂಬಸ್‌ನ ಬುಡದ ಕೋಶಗಳಿಗೆ ಪಿ63. ನಡುವಿನ ದಪ್ಪ ಪದರ, ಅಂದರೆ ಸ್ಟ್ರೋಮಾದ ಕೋಶಗಳಿಗೆ ಸಿಡಿ34. ಗಾಯವಾಗಿ ಕಲೆ ಕಟ್ಟಿದ ಕಡೆ ಸಿಡಿ34 ಇಲ್ಲವಾಗಿ ಆಲ್ಫಾ-ಎಸ್‌ಎಂಎ ಎಂಬ ಸ್ನಾಯುವಿನ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಎಲೆಅಡಿಕೆಯ ಸುಣ್ಣ ಸಿಡಿದು ಮಗುವಿನ ಲಿಂಬಸ್ ಸುಟ್ಟುಹೋದರೆ, ಕೆರಾಟಿನ್ 12 ಇರಬೇಕಾದ ಜಾಗಕ್ಕೆ ಕಂಜಂಕ್ಟೈವಾದ (ಬಿಳಿಗುಡ್ಡೆ ಮುಚ್ಚುವ ಪೊರೆಯ) ಕೆರಾಟಿನ್ 13 ಬಂದು ಕೂರುತ್ತದೆ.

1. ಅಂಗಾಂಶ: ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಕಸಿ ಮಾಡುವಾಗ ರೋಗಿಯಿಂದ ತೆಗೆದ ಬಿಲ್ಲೆ ಕಾರ್ನಿಯಾದ ನಡುಭಾಗ. ದಾನಿಯ ಕಾರ್ನಿಯಾದಲ್ಲಿ ಉಳಿಯುವ ಉಂಗುರ ಅಂಚಿನದು. ಇವೆರಡನ್ನು ಪಕ್ಕಪಕ್ಕ ಇಟ್ಟು ‘ರೋಗದಲ್ಲಿ ಪಿ63 ಕಡಿಮೆಯಾಗಿದೆ’ ಎಂದು ಬರೆದವರಿದ್ದಾರೆ. ನಡುವಿನ ಜತೆ ನಡುವನ್ನೇ ಹೋಲಿಸಿ. ಅದಕ್ಕೆ ಕಸಿಗೆ ಬಾರದ, ಸಂಶೋಧನೆಗೆಂದು ಕೊಟ್ಟ ಇಡೀ ಕಾರ್ನಿಯಾ ಬೇಕು.

2. ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಮೇಣದಲ್ಲಿ ಹುದುಗಿಸಿ, 4 ಮೈಕ್ರಾನ್ ದಪ್ಪದ ಸೀಳು (ತೆಳು ಹಾಳೆ) ಕತ್ತರಿಸಿ. ತುಂಡನ್ನು ಮೇಣದಲ್ಲಿ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದರೆ ಪದರಗಳೇ ಸಿಗುವುದಿಲ್ಲ.

3. ಬಿಸಿ: ಕೆಲಸ ಕೆಡುವುದು ಇಲ್ಲೇ. ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನ್ ತೆರೆಯಲು ಪಿಎಚ್ 6ರ ಸಿಟ್ರೇಟ್ ಬಫರ್‌ನಲ್ಲಿ ಸ್ಲೈಡ್ ಕಾಯಿಸಬೇಕು. ಆಗ ಸ್ಟ್ರೋಮಾ ಗಾಜು ಬಿಟ್ಟು ಏಳುತ್ತದೆ. ಮೊದಲು ಒಂದು ತುದಿ ಮಾತ್ರ, ಒದ್ದೆ ಕಾಗದದ ಹಾಗೆ. ಆಮೇಲೆ ಪೂರ್ತಿ ಮಡಚಿಕೊಳ್ಳುತ್ತದೆ. ಮಡಿಕೆಯಲ್ಲಿ ಬಣ್ಣ ಸಿಕ್ಕಿಕೊಂಡರೆ ಮಾರ್ಕರ್ ಇದ್ದ ಹಾಗೇ ಕಾಣುತ್ತದೆ. ಹಾಗಾಗಿ ಸಾದಾ ಸ್ಲೈಡ್ ಬೇಡವೇ ಬೇಡ, ಪಾಲಿ-ಎಲ್-ಲೈಸಿನ್ ಲೇಪಿಸಿದ್ದೇ ತನ್ನಿ. ಹಿಂದಿನ ದಿನ 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಮೈಕ್ರೋವೇವ್‌ನಲ್ಲಿ ಬೇಗ ಆಗುತ್ತದೆ, ಆದರೆ ಕುದಿಯುವ ಗುಳ್ಳೆಗಳು ಸೀಳನ್ನು ಕಿತ್ತು ಹಾಕುತ್ತವೆ. ನಾನು ವಾಟರ್ ಬಾತ್‌ನಲ್ಲಿ 95 ಡಿಗ್ರಿ, 20 ನಿಮಿಷ ಇಡುತ್ತೇನೆ. ಆಮೇಲೆ ಅದೇ ಬಫರ್‌ನಲ್ಲಿ ತಾನಾಗಿ ತಣಿಯಲು ಬಿಡಿ. ಅವಸರಕ್ಕೆ ತಣ್ಣೀರು ಸುರಿಯಬೇಡಿ.

4. ಆಂಟಿಬಾಡಿ, ಅಂದರೆ ಮಾರ್ಕರ್ ಹುಡುಕಿ ಅಂಟುವ ಪ್ರೋಟೀನ್: ಬಾಟಲಿಯ ಚೀಟಿ ಹೇಳಿದ ಹಾಗೆ. ಒಂದು ಸ್ಲೈಡಿಗೆ ಮೊದಲ ಆಂಟಿಬಾಡಿ (ಮಾರ್ಕರ್‌ಗೆ ನೇರ ಅಂಟುವುದು) ಹಾಕದೆ ಮಿಕ್ಕಿದ್ದೆಲ್ಲ ಮಾಡಿ. ಸ್ಲೈಡ್ ಒಣಗಲು ಬಿಡಬೇಡಿ, ಅಂಚೆಲ್ಲ ಸುಮ್ನೆ ಬಣ್ಣ ಹಿಡಿಯುತ್ತದೆ. ಹೋದ ತಿಂಗಳು ತೆಳು ಮಾಡಿಟ್ಟ ಹಳೆ ಆಂಟಿಬಾಡಿ ಮಿಗಿಸಲು ಹೋಗಬೇಡಿ.

5. ಬಣ್ಣ: ಎಲ್ಲರೂ ಬಳಸುವ ಡಿಎಬಿ ಕಂದು. ನಮ್ಮವರ ಲಿಂಬಸ್‌ನಲ್ಲಿ ಮೆಲನಿನ್ ಜಾಸ್ತಿ, ಅದೂ ಕಂದು, ಅದೂ ಬುಡದ ಪದರದಲ್ಲೇ. ಪಿ63 ಹುಡುಕುವುದೂ ಅಲ್ಲೇ ಅಲ್ವಾ? ಲಿಂಬಸ್‌ಗೆ ಕೆಂಪು ಕೊಡುವ ಎಇಸಿ ಬಳಸಿ. ಆಮೇಲೆ ಆಲ್ಕೋಹಾಲಿನಲ್ಲಿ ಅದ್ದಬೇಡಿ, ಕೆಂಪು ಕರಗಿ ಹೋಗುತ್ತದೆ. ಗ್ಲಿಸರಿನ್ ಜೆಲ್ಲಿ ಹಾಕಿ ಮುಚ್ಚಿ.

6. ಓದುವುದು: ಮೊದಲ ಆಂಟಿಬಾಡಿ ಹಾಕದ ಸ್ಲೈಡ್ ಮೊದಲು ನೋಡಿ. ಅದರಲ್ಲಿ ಕೆಂಪು ಕಂಡರೆ ಆ ದಿನದ್ದೆಲ್ಲ ಬದಿಗಿಡಿ. ಆಮೇಲೆ ಜತೆಯಲ್ಲಿ ಹಾಕಿದ ಲಿಂಬಸ್ ಸೀಳಿನ ರಕ್ತನಾಳ ನೋಡಿ. ಅದರ ಒಳಪದರ ಸಿಡಿ34ಗೆ, ಸ್ನಾಯುಪದರ ಆಲ್ಫಾ-ಎಸ್‌ಎಂಎಗೆ ಬಣ್ಣ ಹಿಡಿದಿರಬೇಕು. ಅಲ್ಲೇ ಹಿಡಿಯದಿದ್ದರೆ ಸ್ಟ್ರೋಮಾ ಖಾಲಿ ಎಂದು ಬರೆಯಬೇಡಿ. ಮೂರನೇ ಹಂತಕ್ಕೆ ಮರಳಿ.