ರನ್‌ವೇ ಮೇಲಿನ ವಿಮಾನದ ಸಂಕೇತವನ್ನು ಮನೆಯ ತಾರಸಿಯಲ್ಲಿ ಹಿಡಿಯುವುದು ಹೇಗೆ?

ಪ್ರಯಾಣಿಕ ವಿಮಾನಗಳಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ರೇಡಿಯೊ ಸಾಧನ, 1090 ಮೆಗಾಹರ್ಟ್ಸ್ ಆವರ್ತನದಲ್ಲಿ ವಿಮಾನದ ಗುರುತು, ಸ್ಥಾನ ಮತ್ತು ವೇಗವನ್ನು ಯಾರೂ ಕೇಳದಿದ್ದರೂ ತಾನಾಗಿಯೇ ಬಿತ್ತರಿಸುತ್ತಿರುತ್ತದೆ. ಎಡಿಎಸ್-ಬಿ ಎಂದು ಕರೆಯುವ ಈ ಸಂದೇಶಗಳಿಗೆ ಗೂಢಲಿಪಿಯ ಬೀಗವಿಲ್ಲ. ಹೀಗಾಗಿ ಬೆಂಗಳೂರಿನ ಯಾವುದೇ ಬಡಾವಣೆಯ ತಾರಸಿಯಿಂದ ಆಕಾಶದಲ್ಲಿರುವ ವಿಮಾನಗಳನ್ನು ಕಂಪ್ಯೂಟರಿನ ನಕ್ಷೆಯ ಮೇಲೆ ನೋಡುವುದು ಕಷ್ಟದ ಕೆಲಸವೇನಲ್ಲ. ಆದರೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ವಿಮಾನ ಹಲವರ ನಕ್ಷೆಯಿಂದ ಥಟ್ಟನೆ ಮಾಯವಾಗುತ್ತದೆ. ಸಾಧನ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವ ಮೊದಲು ಎರಡು ಸಂಗತಿಗಳನ್ನು ಪರೀಕ್ಷಿಸಬೇಕು: ಆಂಟೆನಾದ ಎದುರಿನ ನೋಟ, ತಂತ್ರಾಂಶಕ್ಕೆ ಕೊಟ್ಟ ಮನೆಯ ಸ್ಥಾನ.

ಮೊದಲು ನೋಟದ ವಿಚಾರ. ಈ ಆವರ್ತನದ ತರಂಗಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಸಾಗುತ್ತವೆ. ನೆಲದಲ್ಲಿ ನಿಂತ ವಿಮಾನದ ಮೇಲ್ಭಾಗದ ಆಂಟೆನಾ 6 ಮೀಟರ್ ಎತ್ತರದಲ್ಲಿದೆ, ನಿಮ್ಮದು 12 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ನಡುವೆ ಏನೂ ಇಲ್ಲದ ಸಮತಟ್ಟು ನೆಲದಲ್ಲೂ ಭೂಮಿಯ ಬಾಗು ಅಡ್ಡಬರುವುದರಿಂದ ಸಂಕೇತ ಸುಮಾರು 24 ಕಿ.ಮೀ. ಮಾತ್ರ ತಲುಪುತ್ತದೆ. ಜಯನಗರವು ವಿಮಾನ ನಿಲ್ದಾಣದಿಂದ 30 ಕಿ.ಮೀ.ಗಿಂತ ದೂರವಿರುವುದರಿಂದ ಅಲ್ಲಿನವರು ಈ ಆಸೆ ಬಿಡುವುದು ಒಳ್ಳೆಯದು. ಯಲಹಂಕದವರಿಗೆ ಲೆಕ್ಕದ ಪ್ರಕಾರ ಸಾಧ್ಯವಿದ್ದರೂ ನಡುವಿನ ಅಪಾರ್ಟ್‌ಮೆಂಟುಗಳು, ನೀಲಗಿರಿ ತೋಪುಗಳು ಸಂಕೇತವನ್ನು ನುಂಗಿಬಿಡಬಹುದು. ಬಾಗಲೂರು, ಚಿಕ್ಕಜಾಲ, ದೇವನಹಳ್ಳಿಗಳ ಸುತ್ತಮುತ್ತ, ನಿಲ್ದಾಣದ ಕಡೆಗೆ ಅಡ್ಡಿಯಿಲ್ಲದ ತಾರಸಿಯಿದ್ದವರಿಗೆ ಅವಕಾಶ ಚೆನ್ನಾಗಿದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ರೇಡಿಯೊ ಸಂಕೇತ ಹಿಡಿದು ಕಂಪ್ಯೂಟರಿಗೆ ಕೊಡುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ಯುಎಸ್‌ಬಿ ಡಾಂಗಲ್, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಹಳೆಯ ಲ್ಯಾಪ್‌ಟಾಪ್, ಕೇಬಲ್, ಕನೆಕ್ಟರ್ ಇದ್ದರೆ ಸಾಕು, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರಬಹುದು. ಆಂಟೆನಾವನ್ನು ಮಾತ್ರ ಕೈಯಾರೆ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. 1090 ಮೆಗಾಹರ್ಟ್ಸ್ ತರಂಗದ ಉದ್ದ 27.5 ಸೆಂ.ಮೀ.; ಅದರ ಕಾಲುಭಾಗ ಸುಮಾರು 69 ಮಿ.ಮೀ. ಅಷ್ಟುದ್ದದ ಐದು ದಪ್ಪ ತಾಮ್ರದ ತಂತಿಗಳನ್ನು ಕತ್ತರಿಸಿ, ಒಂದನ್ನು ಕನೆಕ್ಟರಿನ ನಡುವಿನ ಪಿನ್ನಿಗೆ ನೆಟ್ಟಗೆ ಬೆಸುಗೆ ಹಾಕಿ. ಉಳಿದ ನಾಲ್ಕನ್ನು ಹೊರಕವಚದ ನಾಲ್ಕು ಮೂಲೆಗಳಿಗೆ ಬೆಸೆದು, ಛತ್ರಿಯ ಕಡ್ಡಿಗಳಂತೆ 45 ಡಿಗ್ರಿ ಕೆಳಕ್ಕೆ ಬಾಗಿಸಿ. ನಡುವಿನ ತಂತಿ ಹೊರಕವಚವನ್ನು ಎಲ್ಲೂ ಮುಟ್ಟಬಾರದು. ಇದನ್ನು ನೀರಿನ ಟ್ಯಾಂಕಿಗಿಂತ ಎತ್ತರದಲ್ಲಿ ಪಿವಿಸಿ ಪೈಪಿಗೆ ಕಟ್ಟಿ, ಮಳೆನೀರು ಇಳಿಯದಂತೆ ಕನೆಕ್ಟರಿಗೆ ಟೇಪ್ ಸುತ್ತಿ. ಟಿ.ವಿ.ಗೆ ಬಳಸುವ ಆರ್‌ಜಿ-6 ಕೇಬಲ್ ಸಾಕಾದರೂ ಹತ್ತು ಮೀಟರಿಗೆ ಸುಮಾರು 2 ಡೆಸಿಬೆಲ್ ನಷ್ಟವಾಗುವುದರಿಂದ ಅದು ಗಿಡ್ಡವಾಗಿದ್ದಷ್ಟೂ ಒಳ್ಳೆಯದು.

ಆಮೇಲೆ, ಹಿಡಿದ ಸಂದೇಶಗಳನ್ನು ಬಿಡಿಸಿ ಓದುವ ತಂತ್ರಾಂಶ. ಡಂಪ್1090 ಅಥವಾ ರೀಡ್‌ಎಸ್‌ಬಿ, ಎರಡೂ ಉಚಿತ. ಇವನ್ನು ಅಳವಡಿಸುವಾಗ ಮನೆಯ ಅಕ್ಷಾಂಶ, ರೇಖಾಂಶಗಳನ್ನು ತಪ್ಪದೆ ನಮೂದಿಸಬೇಕು. ನಾನು ಇದನ್ನು ಅನಗತ್ಯವೆಂದು ಬಿಟ್ಟು, ಎರಡು ವಾರ ಆಂಟೆನಾವನ್ನು ಬಿಚ್ಚಿ ಕಟ್ಟಿದ್ದೇ ಬಂತು. ಹಾರುವ ವಿಮಾನದ ಒಂದು ಜೋಡಿ ಸಂದೇಶಗಳಿಂದ ಅದು ಭೂಮಿಯ ಮೇಲೆ ಎಲ್ಲಿದೆಯೆಂದು ತಿಳಿಯುತ್ತದೆ. ನೆಲದ ಸಂದೇಶ ಹಾಗಲ್ಲ: ಅದರ ನಿಖರತೆ ಹೆಚ್ಚು, ಆದರೆ ಲೆಕ್ಕ ಬಿಡಿಸಿದಾಗ 90 ಡಿಗ್ರಿ ಅಂತರದ ಹಲವು ಜಾಗಗಳು ಉತ್ತರವಾಗಿ ಸಿಗುತ್ತವೆ. ಇವುಗಳಲ್ಲಿ ದೇವನಹಳ್ಳಿಯದ್ದು ಯಾವುದೆಂದು ಆರಿಸಲು ತಂತ್ರಾಂಶಕ್ಕೆ ನಿಮ್ಮ ಮನೆ ಎಲ್ಲಿದೆಯೆಂಬುದು ಗೊತ್ತಿರಬೇಕು.

ಇಷ್ಟಾದರೂ ವಿಮಾನ ಕಾಣದಿದ್ದರೆ ತಾಳ್ಮೆಯಿರಲಿ. ಚಲಿಸುತ್ತಿರುವ ವಿಮಾನ ತನ್ನ ಸ್ಥಾನವನ್ನು ಸೆಕೆಂಡಿಗೆ ಎರಡು ಬಾರಿ ಸಾರಿದರೆ, ನಿಂತ ವಿಮಾನ ಐದು ಸೆಕೆಂಡಿಗೊಮ್ಮೆ ಮಾತ್ರ ಸಾರುತ್ತದೆ; ಟ್ರಾನ್ಸ್‌ಪಾಂಡರ್ ಆಫ್ ಮಾಡಿ ನಿಲ್ಲಿಸಿದ್ದು ಮೌನವಾಗಿರುತ್ತದೆ. ನಿಲ್ದಾಣಕ್ಕೆ ತೀರಾ ಹತ್ತಿರವಿದ್ದರೆ ಡಾಂಗಲ್ಲಿನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಅನ್ನು ಒಂದೊಂದೇ ಮೆಟ್ಟಿಲು ತಗ್ಗಿಸಿ ನೋಡಿ; ಪ್ರಬಲ ಸಂಕೇತ ಗ್ರಾಹಕವನ್ನು ಕಿವುಡಾಗಿಸುವುದುಂಟು. ಪಕ್ಕದಲ್ಲಿ ಮೊಬೈಲ್ ಟವರ್ ಇದ್ದರೆ 1090 ಮೆಗಾಹರ್ಟ್ಸ್ ಆಸುಪಾಸಿನ ಸಂಕೇತವನ್ನಷ್ಟೇ ಒಳಬಿಡುವ ಫಿಲ್ಟರ್ ಹಾಕುವುದು ಲೇಸು.

ಎಲ್ಲವೂ ಸರಿಯಾದಾಗ, ಟ್ಯಾಕ್ಸಿವೇ ಮೇಲೆ ತೆವಳುವ ಚಿಹ್ನೆಯನ್ನು ಒತ್ತಿದರೆ ವಿಮಾನದ ಗುರುತಾದ ಆರು ಸ್ಥಾನಗಳ ವಿಳಾಸ (ಅಂಕೆ, ಅಕ್ಷರಗಳ ಸಂಕೇತ) ಕಾಣುತ್ತದೆ. ಅದು 80ರಿಂದ 83ರೊಳಗಿನ ಅಂಕೆಯಿಂದ ಶುರುವಾದರೆ ವಿಮಾನ ಭಾರತದಲ್ಲಿ ನೋಂದಾಯಿತವಾದದ್ದು. ಎತ್ತರದ ಜಾಗದಲ್ಲಿ ಅಂಕಿಯ ಬದಲು ‘ನೆಲ’ ಎಂಬ ಅರ್ಥದ ಪದವಿರುತ್ತದೆ. ವಿಮಾನ ರನ್‌ವೇ ಬಿಟ್ಟು ಮೇಲೆದ್ದ ಕ್ಷಣ ಆ ಪದ ಅಳಿದು, ಸೊನ್ನೆಯಲ್ಲ, 3,000 ಅಡಿಯ ಆಸುಪಾಸಿನ ಅಂಕಿ ಮೂಡುತ್ತದೆ. ಏಕೆಂದರೆ ನಿಲ್ದಾಣವೇ ಸಮುದ್ರಮಟ್ಟದಿಂದ ಅಷ್ಟು ಎತ್ತರದಲ್ಲಿದೆ.